ವೇದಿಕೆಯ ಪರದೆಯಿಂದ ಹಾಸ್ಟೆಲ್ ಬಾಗಿಲಿನವರೆಗೆ: ಒಂದು ವಿನ್ಯಾಸ ಸಂಸ್ಥೆಯ ಕೆಲಸ

ಮಾನಸಿಕ ಆರೋಗ್ಯದ ಕುರಿತು ವಿದ್ಯಾರ್ಥಿಗಳಲ್ಲಿ ತಿಳಿವಳಿಕೆ ಮೂಡಿಸಲೆಂದು ನಮ್ಮ ಬಳಗವು ಧಾರವಾಡದಿಂದ ಕಲಬುರಗಿಯವರೆಗಿನ ಪದವಿ ಕಾಲೇಜುಗಳಲ್ಲಿ ಒಂದು ಸಂಗೀತ ಯಾತ್ರೆ ನಡೆಸಿತು. ಅದಕ್ಕೆ ಬೇಕಾದ ಭಿತ್ತಿಪತ್ರ, ಬಟ್ಟೆ ಬ್ಯಾನರ್, ಹಾಡಿನ ಪುಸ್ತಿಕೆ, ವೇದಿಕೆಯ ಪರದೆ, ಮೊಬೈಲಿಗೆ ಕಳಿಸುವ ಕಿರುವಿಡಿಯೊ ಎಲ್ಲವನ್ನೂ ಬೆಂಗಳೂರಿನ ಒಂದು ಸಣ್ಣ ವಿನ್ಯಾಸ ಸಂಸ್ಥೆಗೆ ವಹಿಸಿದ್ದೆವು. ಮೆಚ್ಚುಗೆಯ ಜೊತೆಗೆ ತಕರಾರುಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಇಂಥದೇ ಕೆಲಸವನ್ನು ಯಾರಿಗಾದರೂ ವಹಿಸಲು ಹೊರಟವರಿಗೆ ಹೆಸರಿಗಿಂತ ಕೆಲಸದ ವಿವರಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ ಎಂದುಕೊಂಡಿದ್ದೇನೆ.

ಯಾತ್ರೆಯ ಗುರಿ ಒಂದೇ ಆಗಿತ್ತು. ಹಾಡು ಮುಗಿದು ಮನೆಗೆ ಹೋದ ಹುಡುಗ ಅಥವಾ ಹುಡುಗಿ, ಬೇಕೆನಿಸಿದ ಹೊತ್ತಿನಲ್ಲಿ ಟೆಲಿ-ಮಾನಸ್ ಸಹಾಯವಾಣಿಗೆ ಕರೆ ಮಾಡುವಂತಾಗಬೇಕು. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಕೇಂದ್ರ ಸರ್ಕಾರ ಆರಂಭಿಸಿದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿದೆ; 14416 ಸಂಖ್ಯೆಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಐದೇ ಅಂಕಿಗಳ ಸಂಖ್ಯೆ. ವಿನ್ಯಾಸಕಾರನಿಗೆ ಇದಕ್ಕಿಂತ ಹಗುರವಾದ ಹೊರೆ ಇನ್ನೊಂದಿರಲಾರದು. ಆದರೂ ಸಂಸ್ಥೆಯ ಮೊದಲ ಕರಡಿನಲ್ಲಿ ಗಾಯಕರ ಮುಖಗಳು ಭಿತ್ತಿಪತ್ರದ ಮುಕ್ಕಾಲು ಭಾಗವನ್ನು ತುಂಬಿದ್ದವು, 14416 ಮಾತ್ರ ಕೆಳಗಡೆ ಪ್ರಾಯೋಜಕರ ಲಾಂಛನಗಳ ಸಾಲಿನಲ್ಲಿ ಹುದುಗಿತ್ತು. ಸಂಗೀತ ಕಚೇರಿಯ ಜಾಹೀರಾತಾಗಿ ಅದು ಚೆನ್ನಾಗಿಯೇ ಇತ್ತೆಂಬುದನ್ನು ಒಪ್ಪಬೇಕು. ನಮಗೆ ಬೇಕಿದ್ದದ್ದು ಅದಲ್ಲ.

ಎರಡನೆಯ ತಕರಾರು ಚಿತ್ರದ್ದು. ಕತ್ತಲ ಕೋಣೆ, ಮೂಲೆಯಲ್ಲಿ ಮಂಡಿಗೆ ತಲೆಯಾನಿಸಿ ಕುಳಿತ ಆಕೃತಿ, ಮೇಲೆ ಕೆಂಪು ಅಕ್ಷರಗಳು: ಮಾನಸಿಕ ಆರೋಗ್ಯವೆಂದರೆ ಸಾಕು, ಎಲ್ಲರ ಕೈಯೂ ಈ ಚಿತ್ರದತ್ತಲೇ ಹೋಗುತ್ತದೆ. ಆತ್ಮಹತ್ಯೆಯ ವಿಷಯದಲ್ಲಿ ಮಾಧ್ಯಮಗಳು ಹೇಗೆ ನಡೆದುಕೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಕಟಿಸಿರುವ ಮಾರ್ಗಸೂಚಿಯು ರೋಚಕ ಭಾಷೆ ಬೇಡ, ವಿಧಾನದ ವಿವರ ಬೇಡ, ನೆರವು ಎಲ್ಲಿ ಸಿಗುತ್ತದೆಂಬ ಮಾಹಿತಿ ಇರಲಿ, ಕಷ್ಟವನ್ನು ದಾಟಿ ಬಂದವರ ಕಥೆ ಇರಲಿ ಎನ್ನುತ್ತದೆ. ಪತ್ರಕರ್ತರಿಗಾಗಿ ಬರೆದ ಈ ಸೂತ್ರಗಳನ್ನು ಭಿತ್ತಿಪತ್ರ ಮಾಡುವವರೂ ಓದಿಕೊಳ್ಳಬೇಕಾಗಿತ್ತು. ನಾವು ಕೊಟ್ಟ ಮೇಲೆ ಅವರು ಓದಿದರು ಎಂಬುದು ಅವರ ಪಾಲಿನ ಒಳ್ಳೆಯ ಅಂಶ: ಮುಂದಿನ ಕರಡಿನಲ್ಲಿ ಆ ಆಕೃತಿ ಹೋಗಿ, ಕಾಲೇಜಿನ ಕಟ್ಟೆಯ ಮೇಲೆ ಕುಳಿತು ಮಾತನಾಡುತ್ತಿರುವ ಇಬ್ಬರು ಗೆಳೆಯರ ರೇಖಾಚಿತ್ರ ಬಂತು. ಮಾತನಾಡುವವನಿಗಿಂತ ಕೇಳಿಸಿಕೊಳ್ಳುವವನ ಮುಖವನ್ನು ಹೆಚ್ಚು ಎಚ್ಚರದಿಂದ ಬರೆದಿದ್ದರು; ಇಡೀ ಯಾತ್ರೆಯಲ್ಲಿ ನನಗೆ ಅತ್ಯಂತ ಹಿಡಿಸಿದ ಚಿತ್ರ ಅದು.

ಈ ಸಂಸ್ಥೆಯ ನಿಜವಾದ ಜಾಣತನ ಕಂಡದ್ದು, ಯಾವುದನ್ನು ಎಲ್ಲಿ ಇಡಬೇಕೆಂಬ ತೀರ್ಮಾನದಲ್ಲಿ. ಗೆಳೆಯರ ಎದುರಿನಲ್ಲಿ ಮಾನಸಿಕ ಆರೋಗ್ಯದ ಭಿತ್ತಿಪತ್ರದ ಮುಂದೆ ನಿಂತು ಸಂಖ್ಯೆ ಬರೆದುಕೊಳ್ಳುವ ವಿದ್ಯಾರ್ಥಿ ಇಲ್ಲವೇ ಇಲ್ಲ ಎನ್ನಬಹುದು. 'ಯಾಕಲೇ, ತಲಿ ಕೆಟ್ಟೈತೇನು?' ಎಂಬ ಒಂದೇ ಮಾತಿಗೆ ಅವನು ಅಲ್ಲಿಂದ ಕಾಲು ಕೀಳುತ್ತಾನೆ. ಇದನ್ನು ಮನಗಂಡ ಸಂಸ್ಥೆಯ ಹುಡುಗಿಯೊಬ್ಬಳು, ಪ್ರಾಂಗಣದ ದೊಡ್ಡ ಭಿತ್ತಿಪತ್ರ ಕಾರ್ಯಕ್ರಮಕ್ಕೆ ಕರೆಯುವ ಕೆಲಸವನ್ನಷ್ಟೇ ಮಾಡಲಿ, ಸಂಖ್ಯೆಯನ್ನು ಒಬ್ಬರೇ ಇರುವ ಜಾಗಗಳಿಗೆ ತಲುಪಿಸೋಣ ಎಂದು ಸೂಚಿಸಿದಳು. ಅದರಂತೆ ಹಾಸ್ಟೆಲಿನ ಶೌಚಾಲಯದ ಬಾಗಿಲುಗಳ ಒಳಬದಿಗೆ ಅಂಗೈಯಗಲದ ಚೀಟಿಗಳು ಅಂಟಿದವು. ಹಾಡಿನ ಪುಸ್ತಿಕೆಯ ಹಿಂಬದಿಯಲ್ಲಿ, ಸಾಹಿತ್ಯ ಓದಲೆಂದು ತೆಗೆದವರ ಕಣ್ಣಿಗೆ ತಾನಾಗಿಯೇ ಬೀಳುವಂತೆ, ಸಂಖ್ಯೆಯೂ ಕರೆ ಮಾಡಿದಾಗ ಏನಾಗುತ್ತದೆಂಬ ನಾಲ್ಕು ಸಾಲಿನ ವಿವರಣೆಯೂ ಬಂದವು. ಪುಸ್ತಿಕೆಯನ್ನು ಎಲ್ಲರೂ ಮನೆಗೆ ಒಯ್ಯುವುದರಿಂದ, ಅದು ಕೈಯಲ್ಲಿದ್ದ ಮಾತ್ರಕ್ಕೆ ಯಾರಿಗೂ ಯಾವ ಹಣೆಪಟ್ಟಿಯೂ ಅಂಟುವುದಿಲ್ಲ. 2007ರ ಡಿಸೆಂಬರ್ 1ರಂದು ದೆಹಲಿಯಿಂದ ಹೊರಟ ರೆಡ್ ರಿಬ್ಬನ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಎಚ್‌ಐವಿ ಕುರಿತ ಪ್ರದರ್ಶನದ ಬೋಗಿಗಳ ಜೊತೆಗೆ ಆಪ್ತಸಮಾಲೋಚನೆಗೂ ಪ್ರತ್ಯೇಕ ಸ್ಥಳ ಇತ್ತು. ನೋಡುವ ಜಾಗವನ್ನೂ ಕೇಳುವ ಜಾಗವನ್ನೂ ಬೇರ್ಪಡಿಸಬೇಕೆಂಬ ಅದೇ ತಿಳಿವಳಿಕೆ ಇಲ್ಲಿ ಕಾಗದದ ಮೇಲೆ ಕೆಲಸ ಮಾಡಿತು.

ಪುಸ್ತಿಕೆಯ ಮೊದಲ ಮಾದರಿಯಲ್ಲಿ ಸಂಖ್ಯೆಯನ್ನು ಅಂದಕ್ಕಾಗಿ ೧೪೪೧೬ ಎಂದು ಅಚ್ಚು ಹಾಕಿದ್ದರು. ಕನ್ನಡದ ಅಂಕಿಗಳ ಮೇಲೆ ನನಗೂ ಪ್ರೀತಿಯಿದೆ, ಆದರೆ ಸಂಕಟದಲ್ಲಿರುವವನ ಕಣ್ಣು ಕಾಗದದಿಂದ ಮೊಬೈಲಿನ ಕೀಲಿಗಳಿಗೆ ಹೋಗುವ ದಾರಿಯಲ್ಲಿ ಒಂದು ಕ್ಷಣವೂ ತಡವರಿಸಬಾರದು. ಹೇಳಿದ ಕೂಡಲೇ ಬದಲಿಸಿದರು.

ಕನ್ನಡ ಲಿಪಿಯ ವಿಷಯದಲ್ಲಿ ಮಾತ್ರ ಸಂಸ್ಥೆ ಇನ್ನೂ ಕಲಿಯಬೇಕಿದೆ. ಇಂಗ್ಲಿಷಿಗೆ ಸರಿಹೊಂದುವ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟಿದ್ದರಿಂದ, 'ಖಿನ್ನತೆ', 'ಮನಸ್ಸು', 'ಆಪ್ತ' ಮುಂತಾದ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ತಾಗಿ, ದೂರದಿಂದ ನೋಡಿದರೆ ಎರಡು ಸಾಲೂ ಒಂದಾಗಿ ಕಾಣುತ್ತಿದ್ದವು. ಶೀರ್ಷಿಕೆಗೆ ಬಲೂ ತಮ್ಮ ಎಂಬ ಮುಕ್ತ ಪರವಾನಗಿಯ ಅಕ್ಷರವಿನ್ಯಾಸವನ್ನು ಆರಿಸಿದ್ದು ಒಳ್ಳೆಯ ಆಯ್ಕೆ: ದಪ್ಪ, ದುಂಡು, ಯುವಜನರಿಗೆ ಒಪ್ಪುವಂಥದ್ದು. ಅದನ್ನೇ ಪುಸ್ತಿಕೆಯ ಒಳಪುಟಗಳಿಗೂ ಹಾಕಿ ಓದುವವರ ಕಣ್ಣಿಗೆ ದಣಿವು ತಂದದ್ದು ಸರಿಯಲ್ಲ. ಕರ್ನಾಟಕದಲ್ಲಿ 2016ರಲ್ಲೇ ಫ್ಲೆಕ್ಸ್ ನಿಷೇಧವಾಗಿರುವುದರಿಂದ ಬ್ಯಾನರುಗಳನ್ನು ಬಟ್ಟೆಯ ಮೇಲೆ ಮುದ್ರಿಸಬೇಕಿತ್ತು, ಅದೂ ಸಾಗಣೆ ಉಳಿಸಲು ಆಯಾ ಊರಿನ ಮುದ್ರಣಾಲಯದಲ್ಲಿ. ಹಲವು ಮುದ್ರಣಾಲಯಗಳು ಇಂದಿಗೂ ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿಯನ್ನೂ ನುಡಿ ತಂತ್ರಾಂಶದ ಹಳೆಯ ಅಕ್ಷರಗಳನ್ನೂ ನಂಬಿವೆ. ಈಗ ಮೊಬೈಲು, ಕಂಪ್ಯೂಟರುಗಳಲ್ಲೆಲ್ಲ ಬಳಕೆಯಲ್ಲಿರುವ ಯೂನಿಕೋಡ್ ಅಕ್ಷರಗಳ ಕಡತವನ್ನು ಅಲ್ಲಿ ಹಾಗೆಯೇ ತೆರೆದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತವೆ. ಅಕ್ಷರಗಳನ್ನು ಕರ್ವ್ಸ್ ಆಗಿ, ಅಂದರೆ ಚಿತ್ರದಂಥ ರೇಖೆಗಳಾಗಿ, ಪರಿವರ್ತಿಸಿದ ಪಿಡಿಎಫ್ ಕಳಿಸಿದ್ದರೆ ಸಾಕಿತ್ತು. ಸಂಸ್ಥೆ ಹಾಗೆ ಮಾಡದೆ, ಒಂದು ಊರಿನ ಬ್ಯಾನರು ಕಾರ್ಯಕ್ರಮದ ಹಿಂದಿನ ರಾತ್ರಿ ಎರಡನೆಯ ಬಾರಿ ಅಚ್ಚಾಗಬೇಕಾಯಿತು. ಆ ಖರ್ಚು ನಮ್ಮ ಮೇಲೆಯೇ ಬಿತ್ತು.

ವೇದಿಕೆಯ ಪರದೆ ಸೊಗಸಾಗಿತ್ತು, ಅದರ ಮೂಲೆಯ ಕ್ಯೂಆರ್ ಕೋಡ್ ಮಾತ್ರ ವ್ಯರ್ಥ. ಕ್ಯೂಆರ್ ಕೋಡನ್ನು ಅದರ ಅಗಲದ ಸುಮಾರು ಹತ್ತು ಪಟ್ಟು ದೂರದಿಂದ ಓದಬಹುದೆಂಬುದು ಈ ಕಸುಬಿನವರ ಲೆಕ್ಕ. ಅರ್ಧ ಮೀಟರಿನ ಕೋಡನ್ನು ಐದು ಮೀಟರಿನಾಚೆ ಕುಳಿತವನು ಓದಲಾರ, ಮುಂದಿನ ಸಾಲುಗಳಲ್ಲೋ ಅಧ್ಯಾಪಕರೇ ಕುಳಿತಿರುತ್ತಾರೆ. ಕಿರುವಿಡಿಯೊಗಳು ಅಚ್ಚುಕಟ್ಟಾಗಿದ್ದವು, ಧ್ವನಿಯಿಲ್ಲದೆ ನೋಡಿದರೂ ಅರ್ಥವಾಗುವಂತೆ ಕನ್ನಡ ಸಾಲುಗಳನ್ನು ಕೊಟ್ಟಿದ್ದರು.

ಧ್ವನಿಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಸಂಗೀತ ನಡೆಯುವ ಸ್ಥಳಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಮಾನದಂಡವು ಸರಾಸರಿ ಶಬ್ದ 100 ಡೆಸಿಬಲ್ ದಾಟಬಾರದು, ಕಿವಿಗೆ ರಕ್ಷಣೆಯ ಸಾಧನ ದೊರೆಯಬೇಕು, ಸದ್ದಿಲ್ಲದ ಒಂದು ಜಾಗವೂ ಇರಬೇಕು ಎನ್ನುತ್ತದೆ. ಆರೋಗ್ಯದ ಹೆಸರಿನಲ್ಲಿ ಹೊರಟ ಯಾತ್ರೆಗೆ ಇದು ಕನಿಷ್ಠ ಮರ್ಯಾದೆ. ಧ್ವನಿವರ್ಧಕದ ಹೊಣೆ ವಿನ್ಯಾಸ ಸಂಸ್ಥೆಯದಲ್ಲದಿದ್ದರೂ, ಆ ಸದ್ದಿಲ್ಲದ ಜಾಗಕ್ಕೆ ದಾರಿ ತೋರಿಸುವ ಫಲಕಗಳನ್ನು ನಾವು ಕೇಳದೆಯೇ ಮಾಡಿಕೊಟ್ಟರು, ಆಪ್ತಸಮಾಲೋಚಕರನ್ನು ಅಲ್ಲಿಯೇ ಕೂರಿಸಲು ಅದು ಅನುಕೂಲವಾಯಿತು.

ವ್ಯವಹಾರದ ಮಟ್ಟಿಗೆ ಹೇಳುವುದಾದರೆ, ಮೂರು ಸುತ್ತಿನ ತಿದ್ದುಪಡಿಗಳು ಒಪ್ಪಂದದ ಮೊತ್ತದಲ್ಲೇ ಸೇರಿದ್ದವು, ನಾಲ್ಕನೆಯದಕ್ಕೆ ಬೇರೆ ದರ. ಪ್ರತಿ ಊರಿಗೂ ದಿನಾಂಕ ಮತ್ತು ಸ್ಥಳ ಬದಲಾಗುವ ಯಾತ್ರೆಗೆ ಈ ಕರಾರು ಒಗ್ಗುವುದಿಲ್ಲ. ಆದ್ದರಿಂದ ಸ್ಥಳ, ದಿನಾಂಕಗಳ ಬದಲಾವಣೆಯನ್ನು ತಿದ್ದುಪಡಿಯ ಲೆಕ್ಕದಿಂದ ಹೊರಗಿಡಬೇಕೆಂದೂ, ಮೂಲ ಕಡತಗಳನ್ನೂ ಮುದ್ರಣಕ್ಕೆ ಸಿದ್ಧವಾದ ಪಿಡಿಎಫ್‌ಗಳನ್ನೂ ಕೊನೆಯ ಕಂತಿಗೆ ಮುಂಚೆ ಒಪ್ಪಿಸಬೇಕೆಂದೂ ಮೊದಲೇ ಬರೆಸಿಕೊಳ್ಳುವುದು ಒಳ್ಳೆಯದು. ಮುಂದಿನ ಯಾತ್ರೆಗೂ ಇದೇ ಸಂಸ್ಥೆಯನ್ನು ಕರೆಯುತ್ತೇನೆ. ಕನ್ನಡ ಅಕ್ಷರ ಜೋಡಣೆಯನ್ನು ಮಾತ್ರ ಆ ಕೆಲಸ ಬಲ್ಲ ಬೇರೆಯವರಿಗೆ ಕೊಡುತ್ತೇನೆ.