ಮಿನಿವ್ಯಾನಿಗೆ ಪಾರ್ಸೆಲ್‌ನಲ್ಲಿ ತರಿಸಿದ ಎಂಜಿನ್ ಕಂಪ್ಯೂಟರ್: ಮೂರು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಎಂಜಿನ್ ನಡೆಸುವ ಈ ಕಂಪ್ಯೂಟರ್ ಪೆಟ್ಟಿಗೆ ಕೂರಿಸಿದ ಮೇಲೆ ನಮ್ಮ ಗಾಡಿ ದಾರಿಯಲ್ಲಿ ಒಂದು ಸಲವೂ ನಿಂತಿಲ್ಲ. 2022ರ ಆಗಸ್ಟ್‌ನಿಂದ 39,000 ಮೈಲಿ ಓಡಿದೆ. ಆದರೂ ಐದಕ್ಕೆ ನಾಲ್ಕೇ ಸ್ಟಾರ್ ಕೊಡುತ್ತಿದ್ದೇನೆ. ಕೀಲಿ ವಿಷಯದಲ್ಲಿ ಪೆಟ್ಟಿಗೆ ಕಳಿಸಿದವರು ಹೇಳಿದ್ದೇ ಒಂದು, ಆಗಿದ್ದೇ ಒಂದು. ಅದನ್ನು ಮುಂದೆ ಬರೆಯುತ್ತೇನೆ.

ಗಾಡಿ 2010ರ ಮಾಡೆಲ್. ವಿ 6 ಪೆಟ್ರೋಲ್ ಎಂಜಿನ್, ಏಳು ಸೀಟು. ನಾವಿರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. 2022ರ ಜುಲೈನಲ್ಲಿ ಹಾಸನದಿಂದ ಅಮ್ಮ ಬಂದಿದ್ದರು, ಪಿಟ್ಸ್‌ಬರ್ಗ್ ವೆಂಕಟೇಶ್ವರ ದೇವಸ್ಥಾನ ನೋಡಬೇಕು ಅಂತ ಬಹಳ ಆಸೆ ಇತ್ತು. ಎಲ್ಲರೂ ಹೊರಟೆವು. ಒಹಾಯೋ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಟೊಲೀಡೊ ದಾಟಿದ ಸ್ವಲ್ಪ ಹೊತ್ತಿಗೆ ಮೀಟರ್ ಮುಳ್ಳುಗಳೆಲ್ಲ ಒಮ್ಮೆಲೇ ಕೆಳಗೆ ಬಿದ್ದವು, ಎಂಜಿನ್ ಆಫ್ ಆಯಿತು, ಸ್ಟೇರಿಂಗ್ ಕಲ್ಲಿನ ಹಾಗೆ ಬಿಗಿಯಾಯಿತು. ಹೇಗೋ ಅಂಚಿಗೆ ತಂದು ನಿಲ್ಲಿಸಿದೆ. ದೊಡ್ಡ ಟ್ರಕ್ಕುಗಳು ಪಕ್ಕದಲ್ಲೇ ಹಾದುಹೋಗುವಾಗ ಗಾಡಿ ಅಲುಗಾಡುತ್ತಿತ್ತು. ಅಮ್ಮ ಇಬ್ಬರು ಮಕ್ಕಳ ಕೈ ಹಿಡಿದುಕೊಂಡು ಕೂತಿದ್ದರು. ನಲವತ್ತು ನಿಮಿಷ ಆದಮೇಲೆ ಕೀಲಿ ತಿರುಗಿಸಿದರೆ ಏನೂ ಆಗಿಲ್ಲ ಎಂಬಂತೆ ಸ್ಟಾರ್ಟ್ ಆಯಿತು! ಮುಂದೆ ಹೋಗುವ ಧೈರ್ಯ ಬರಲಿಲ್ಲ. ತಿರುಗಿಸಿಕೊಂಡು, ಸರ್ವಿಸ್ ಪ್ಲಾಜಾಗಳಲ್ಲಿ ನಿಲ್ಲಿಸುತ್ತಾ ಮನೆ ಸೇರಿದೆವು.

ಗ್ಯಾರೇಜಿನಲ್ಲಿ ಕ್ರ್ಯಾಂಕ್ ಸೆನ್ಸರ್ ಬದಲಿಸಿದರು. ನಂತರ ಇಗ್ನಿಷನ್ ಕಾಯಿಲ್ ಎಂದರು, ಅದನ್ನೂ ಬದಲಿಸಿದರು. ಒಟ್ಟು 640 ಡಾಲರ್. ಮುಂದಿನ ಶನಿವಾರವೇ ಅರೋರಾ ಬಾಲಾಜಿ ದೇವಸ್ಥಾನಕ್ಕೆ ಹೋಗುವಾಗ ಐ 88 ಹೆದ್ದಾರಿಯಲ್ಲಿ ಮತ್ತೆ ನಿಂತಿತು. ಯಾರೂ ಒಂದು ವೈರ್ ಕೂಡ ಅಳೆದು ನೋಡಿರಲಿಲ್ಲ. ಸುಮ್ನೆ ಅಂದಾಜಿನ ಮೇಲೆ ಸಾಮಾನು ಹಾಕುತ್ತಾ ಹೋದರು, ದುಡ್ಡು ನಮ್ಮದು. ಇದು ನನಗೆ ಇನ್ನೂ ಬೇಜಾರಿನ ವಿಷಯ.

ಅಲ್ಲಿಂದ ನಾನೇ ನೋಡೋಣ ಎಂದು ಕೂತೆ. ಗಾಡಿಗಳ ಎಲೆಕ್ಟ್ರಾನಿಕ್ಸ್‌ನಲ್ಲೇ ಕೆಲಸ ಮಾಡುವ ಒಬ್ಬ ಗೆಳೆಯರು ಫೋನಿನಲ್ಲಿ ದಾರಿ ತೋರಿಸಿದರು. ಕೈಯಲ್ಲಿದ್ದದ್ದು ವೋಲ್ಟ್, ಓಮ್ ಅಳೆಯುವ 25 ಡಾಲರಿನ ಮಲ್ಟಿಮೀಟರ್ ಮತ್ತು ಗಾಡಿಯ ದೋಷದ ಸಂಕೇತ ಓದುವ ಒಂದು ಕೋಡ್ ರೀಡರ್. ಕೋಡ್ ಎರಡು ಬರುತ್ತಿದ್ದವು, ಪಿ 0606 ಮತ್ತು ಯು 0100. ಮೊದಲನೆಯದು ಎಂಜಿನ್ ಕಂಪ್ಯೂಟರಿನ ಪ್ರೊಸೆಸರ್ ದೋಷ. ಎರಡನೆಯದು ಆ ಕಂಪ್ಯೂಟರ್ ಮಾತಿಗೆ ಸಿಗುತ್ತಿಲ್ಲ ಎಂದು ಬೇರೆ ಕಂಪ್ಯೂಟರ್‌ಗಳು ಕೊಡುವ ದೂರು. ಇಷ್ಟು ನೋಡಿದ ತಕ್ಷಣ ಆರ್ಡರ್ ಮಾಡಬೇಡಿ, ದಯವಿಟ್ಟು. ಕರೆಂಟ್ ಸರಿಯಾಗಿ ಬರದಿದ್ದರೂ, ಗ್ರೌಂಡ್ ವೈರ್ ತುಕ್ಕು ಹಿಡಿದಿದ್ದರೂ, ಯಾವುದೋ ಒಂದು ಸೆನ್ಸರ್ ಶಾರ್ಟ್ ಆಗಿದ್ದರೂ ಇವೇ ಲಕ್ಷಣ ಕಾಣಿಸಬಹುದು.

ಬ್ಯಾಟರಿ, ಗ್ರೌಂಡ್ ಎರಡೂ ಚೆನ್ನಾಗಿದ್ದವು. ಬ್ಯಾಟರಿ ವೈರ್ ತೆಗೆದು, ಕೋಡ್ ರೀಡರ್ ಸಿಕ್ಕಿಸುವ ಓಬಿಡಿ ಪೋರ್ಟಿನ 6 ಮತ್ತು 14ನೇ ಪಿನ್ ಮಧ್ಯೆ ಅಳೆದರೆ 60 ಓಮ್ ಬಂತು. ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಜೋಡಿ ವೈರಿನ ಎರಡು ತುದಿಯಲ್ಲೂ 120 ಓಮಿನ ರೆಸಿಸ್ಟರ್ ಇರುತ್ತದೆ, ಸಮಾನಾಂತರವಾಗಿ ಇರುವುದರಿಂದ ಎರಡೂ ಸೇರಿ 60 ತೋರಿಸಬೇಕು. ಅಂದರೆ ಆ ಜೋಡಿ ವೈರ್ ಸರಿ ಇದೆ ಎಂದಾಯಿತು. ಇನ್ನು ಉಳಿದಿದ್ದು ಸೆನ್ಸರ್‌ಗಳಿಗೆ ಕಂಪ್ಯೂಟರ್ ಕೊಡುವ 5 ವೋಲ್ಟ್. ಬೆಳಿಗ್ಗೆ ತಣ್ಣಗಿರುವಾಗ ಸರಿಯಾಗಿ 5 ಇತ್ತು. ಆಗ ಗೆಳೆಯರು ಹೇಳಿದ ಒಂದು ಉಪಾಯ ಮಾಡಿದೆ. ಎಂಜಿನ್ ಸುಮ್ಮನೆ ಓಡುತ್ತಿರಲು ಬಿಟ್ಟು, ಹೆಂಡತಿಯ ಹೇರ್ ಡ್ರೈಯರ್‌ನಿಂದ ಕಂಪ್ಯೂಟರ್ ಪೆಟ್ಟಿಗೆಗೆ ಬಿಸಿಗಾಳಿ ಹಿಡಿದೆ. ಎಂಟು ನಿಮಿಷ ಆಗಿರಬಹುದು, 5 ಇದ್ದದ್ದು 2ಕ್ಕೆ ಇಳಿಯಿತು, ಎಂಜಿನ್ ನಿಂತಿತು. ಆ ಲೈನಿನ ಸೆನ್ಸರ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದೆ, ವೋಲ್ಟ್ ಮೇಲೆ ಏರಲಿಲ್ಲ. ಪೆಟ್ಟಿಗೆ ತಣ್ಣಗಾದ ಮೇಲೆ ತಾನಾಗಿ 5 ಆಯಿತು. ತಪ್ಪು ಸೆನ್ಸರ್‌ಗಳದ್ದಲ್ಲ, ಪೆಟ್ಟಿಗೆಯದ್ದೇ, ಇನ್ನು ಅನುಮಾನವೇ ಇರಲಿಲ್ಲ.

ಒಳಗೆ ಏನಾಗಿತ್ತು ಅಂದರೆ, ನಮ್ಮ ಗಾಡಿಯಲ್ಲಿ ಈ ಪೆಟ್ಟಿಗೆ ಎಂಜಿನ್ ಪಕ್ಕದಲ್ಲೇ ಕೂತಿದೆ. ಬೇಸಿಗೆಯಲ್ಲಿ ಬಿಸಿಯೇರುತ್ತದೆ. ಚಳಿಗಾಲದಲ್ಲಿ ಇಲ್ಲಿ ಏನಾಗುತ್ತದೆ ಗೊತ್ತಲ್ಲ, 2019ರ ಜನವರಿ 30ರಂದು ಶಿಕಾಗೋದಲ್ಲಿ ಮೈನಸ್ 30 ಸೆಲ್ಸಿಯಸ್ ತಲುಪಿತ್ತು. ಹನ್ನೆರಡು ವರ್ಷ ಹೀಗೆ ಹಿಗ್ಗಿ ಕುಗ್ಗಿದರೆ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ತಣ್ಣಗಿದ್ದಾಗ ಕೂಡಿಕೊಂಡಿರುತ್ತದೆ, ಬಿಸಿಯಾದರೆ ಬಿಡುತ್ತದೆ.

ಡೀಲರ್ ಹತ್ತಿರ ಹೊಸ ಪೆಟ್ಟಿಗೆ, ಪ್ರೋಗ್ರಾಮಿಂಗ್ ಸೇರಿ 1,450 ಡಾಲರ್ ಅಂದರು. ಗುಜರಿಯಲ್ಲಿ 60 ಡಾಲರಿಗೆ ಸಿಗುತ್ತಿತ್ತು, ಆದರೆ ಅದರಲ್ಲಿ ಬೇರೆ ಗಾಡಿಯ ವಿನ್ ನಂಬರ್ (ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ), ಬೇರೆ ಕೀಲಿಯ ಲೆಕ್ಕ ಇರುತ್ತದೆ. ಹಾಗೇ ಹಾಕಿದರೆ ನಡೆಯುವುದಿಲ್ಲ. ನಾನು ಆರಿಸಿದ್ದು ಪಾರ್ಸೆಲ್ ಸೇವೆ. ರಿಪೇರಿ ಮಾಡಿದ ಪೆಟ್ಟಿಗೆಗೆ ನಮ್ಮ ವಿನ್ ನಂಬರ್ ಬರೆದು ಕಳಿಸುತ್ತಾರೆ, ಹಳೆಯದನ್ನು ನಾವು ವಾಪಸ್ ಕಳಿಸಬೇಕು. 385 ಡಾಲರ್, ಅದರ ಮೇಲೆ ಹಳೆಯ ಪೆಟ್ಟಿಗೆಗೆ 100 ಡಾಲರ್ ಠೇವಣಿ. ಒಂದು ಮುಖ್ಯ ಮಾತು. ಅಮೆರಿಕದಲ್ಲಿ ಎಂಜಿನ್ ಕಂಪ್ಯೂಟರಿಗೆ ಹೊಗೆ ನಿಯಂತ್ರಣದ ವಾರಂಟಿ 8 ವರ್ಷ ಅಥವಾ 80,000 ಮೈಲಿ ಇರುತ್ತದೆ, ಯಾವುದು ಮೊದಲೋ ಅದು. ನಿಮ್ಮ ಗಾಡಿ ಅದರೊಳಗಿದ್ದರೆ ಒಂದು ಪೈಸೆ ಖರ್ಚು ಮಾಡುವ ಮೊದಲು ಡೀಲರ್ ಹತ್ತಿರ ಹೋಗಿ. ನಮ್ಮದು ಆಗಲೇ 1,28,000 ಮೈಲಿ ದಾಟಿತ್ತು.

ಐದು ದಿನಕ್ಕೆ ಪಾರ್ಸೆಲ್ ಬಂತು. ಕೂರಿಸುವುದು ಅರ್ಧ ಗಂಟೆಯ ಕೆಲಸ. ಬ್ಯಾಟರಿಯ ಮೈನಸ್ ವೈರ್ ತೆಗೆದು, ಹತ್ತು ನಿಮಿಷ ಬಿಟ್ಟು, ಆಮೇಲೆ ಕನೆಕ್ಟರ್ ಮುಟ್ಟಿ. ಕೀಲಿ ತಿರುಗಿಸಿದೆ. ಸ್ಟಾರ್ಟ್ ಆಯಿತು, ಎರಡೇ ಸೆಕೆಂಡಿಗೆ ನಿಂತಿತು. ಮತ್ತೆ ಹಾಗೇ. ಡ್ಯಾಶ್‌ಬೋರ್ಡಿನಲ್ಲಿ ಕಳ್ಳತನದ ಕೆಂಪು ದೀಪ ಮಿಣುಕುತ್ತಿತ್ತು. ಕೀಲಿಯೊಳಗಿನ ಚಿಪ್ಪಿಗೂ ಹೊಸ ಪೆಟ್ಟಿಗೆಗೂ ಪರಿಚಯವೇ ಆಗಿಲ್ಲ ಎಂದು ಅರ್ಥ. ಅವರ ಜಾಹೀರಾತಿನಲ್ಲಿ 'ಹಾಕಿ, ಓಡಿಸಿ' ಅಂತ ದೊಡ್ಡ ಅಕ್ಷರದಲ್ಲಿ ಇತ್ತು. ಫೋನ್ ಮಾಡಿದರೆ 'ಕೆಲವು ಗಾಡಿಗಳಿಗೆ ಕೀಲಿ ಹೊಂದಿಸಬೇಕಾಗುತ್ತದೆ' ಎಂದರು. ಇದನ್ನು ದುಡ್ಡು ತೆಗೆದುಕೊಳ್ಳುವ ಮೊದಲು ಹೇಳಬೇಕಿತ್ತು ಅಲ್ವಾ? ಕೀಲಿ ಕೆಲಸದವರನ್ನು ಮನೆಗೇ ಕರೆಸಿದೆ, ಎರಡೂ ಕೀಲಿ ಹೊಂದಿಸಿಕೊಟ್ಟರು, 160 ಡಾಲರ್. ಒಂದು ಸ್ಟಾರ್ ಕಡಿಮೆಯಾಗಿದ್ದು ಇಲ್ಲಿ. ಠೇವಣಿ ವಾಪಸ್ ಬರಲು ಆರು ವಾರ ಹಿಡಿಯಿತು. ಹಳೆಯದನ್ನು ಕಳಿಸುವ ಮೊದಲು ಫೋಟೋ ತೆಗೆದಿಟ್ಟಿದ್ದು ಉಪಯೋಗಕ್ಕೆ ಬಂತು.

ಮೊದಲ ಎರಡು ದಿನ ನಿಂತಲ್ಲಿ ಎಂಜಿನ್ ಸ್ವಲ್ಪ ನಡುಗುತ್ತಿತ್ತು, ಹೊಸ ಪೆಟ್ಟಿಗೆ ಕಲಿತುಕೊಳ್ಳುವವರೆಗೆ ಅಷ್ಟೇ. ಇಲಿನಾಯ್ ಹೊಗೆ ಪರೀಕ್ಷೆಗೆ ಮಾತ್ರ ಗಡಿಬಿಡಿಯಲ್ಲಿ ಹೋಗಬೇಡಿ. ಕಂಪ್ಯೂಟರ್ ಬದಲಾದರೆ ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ದಾಖಲೆಗಳೆಲ್ಲ ಖಾಲಿ, 2001ರಿಂದ ಈಚಿನ ಗಾಡಿಗಳಿಗೆ ಅಂಥ ಪರೀಕ್ಷೆ ಒಂದಕ್ಕಿಂತ ಹೆಚ್ಚು ಬಾಕಿ ಇದ್ದರೆ ಬಿಡುವುದಿಲ್ಲ. ಪೆಟ್ರೋಲ್ ಆವಿಯ ಪರೀಕ್ಷೆ ಎಲ್ಲಕ್ಕಿಂತ ತಡ. ಅದಕ್ಕೆ ಗಾಡಿ ರಾತ್ರಿಯೆಲ್ಲ ತಣ್ಣಗೆ ನಿಂತಿರಬೇಕು, ಟ್ಯಾಂಕ್ ಪೂರ್ತಿ ತುಂಬಿರಬಾರದು, ಪೂರ್ತಿ ಖಾಲಿಯೂ ಆಗಿರಬಾರದು. ನಮ್ಮದಕ್ಕೆ ಹನ್ನೊಂದು ದಿನ ಬೇಕಾಯಿತು. ಪಾಸ್ ಆಯಿತು, 2024ರಲ್ಲೂ ಆಯಿತು.

ಮೂರು ವರ್ಷದಲ್ಲಿ ಚೆಕ್ ಎಂಜಿನ್ ದೀಪ ಹತ್ತಿದ್ದು ಒಂದೇ ಸಲ, ಅದು ಪೆಟ್ರೋಲ್ ಮುಚ್ಚಳದ ರಬ್ಬರ್ ಹಳೆಯದಾಗಿದ್ದಕ್ಕೆ. ಪ್ರತಿ ಬೇಸಿಗೆಯಲ್ಲಿ ಕನೆಕ್ಟರ್ ಬಿಚ್ಚಿ ಹಸಿರು ಕಿಲುಬು ಕಟ್ಟಿದೆಯೋ ನೋಡುತ್ತೇನೆ, ಇನ್ನೂ ಶುದ್ಧವಾಗಿದೆ. ಹೋದ ವರ್ಷ ಅಮ್ಮ ಮತ್ತೆ ಬಂದಾಗ ಇದೇ ಗಾಡಿಯಲ್ಲಿ ಪಿಟ್ಸ್‌ಬರ್ಗಿಗೆ ಹೋಗಿ ಬಂದೆವು. ಟೊಲೀಡೊ ಹತ್ತಿರ ಬಂದಾಗ ಅಮ್ಮ ಮಾತು ನಿಲ್ಲಿಸಿ ಮೀಟರ್ ಕಡೆಗೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ. ಈಗ ಮಗಳಿಗೆ ಹದಿನೈದು, ಲರ್ನರ್ ಪರ್ಮಿಟ್ ಸಿಕ್ಕಿದೆ, ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಇದನ್ನೇ ಓಡಿಸಿ ಕಲಿಯುತ್ತಿದ್ದಾಳೆ. ಕೋಡ್ ರೀಡರ್ ಇನ್ನೂ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಇದೆ, ಅದನ್ನು ಹಾಕಿ ನೋಡುವುದು ಹೇಗೆ ಎಂದು ಅವಳಿಗೂ ತೋರಿಸಿದ್ದೇನೆ.