ಮಾಮನ ಆಫೀಸಿನ ಫ್ಯಾಕ್ಸು, ಲಿನಕ್ಸು ಮತ್ತು ಮೂರು ಮೋಡೆಮ್‌ಗಳು

2010ರ ಮೇ. ಬಳ್ಳಾರಿಯಲ್ಲಿ ನಮ್ಮ ಮಾಮನ ಟ್ರಾನ್ಸ್‌ಪೋರ್ಟ್ ಆಫೀಸು. ಅದಿರು ಲಾರಿಗಳ ಕಾಲ ಅದು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಕೆಂಪು ಧೂಳು. ದಿನಾ ಸಂಜೆ ಯಾವ ಲಾರಿ ಎಷ್ಟು ಟನ್ ಹೊತ್ತು ಹೊರಟಿತು ಅನ್ನೋ ಪಟ್ಟಿ ಬಂದರಿನ ಕಡೆಯ ಏಜೆಂಟರಿಗೆ ಫ್ಯಾಕ್ಸ್ ಆಗಬೇಕು. ಈಮೇಲ್ ಅಂದರೆ ಅವರು ಒಪ್ಪುತ್ತಿರಲಿಲ್ಲ. ಸೀಲು, ಸಹಿ ಇರೋ ಕಾಗದ ಅಲ್ಲಿ ಕೈಗೆ ಸಿಗಬೇಕು.

ಬೇಸಿಗೆಯ ಮೊದಲ ಗುಡುಗಿಗೆ ಫ್ಯಾಕ್ಸ್ ಮಷೀನು ಸುಟ್ಟುಹೋಯಿತು. ಕಂಪ್ಯೂಟರ್‌ಗೆ ಆಗಷ್ಟೇ ವೈರಸ್ ಕಾಟ ತಾಳಲಾರದೆ ವಿಂಡೋಸ್ ತೆಗೆದು ಉಬುಂಟು 10.04 ಅನ್ನೋ ಲಿನಕ್ಸ್ ಹಾಕಿಕೊಟ್ಟಿದ್ದೆ. ಮಾಮ ಅಂದ: “ಅದರಾಗ ಫೋನ್ ವೈರ್ ಚುಚ್ಚೋ ತೂತು ಐತಲ್ಲಪ್ಪ, ಅದರಿಂದಲೇ ಕಳಿಸು.” ತೂತು ಇತ್ತು, ನಿಜ. ಅದರ ಹಿಂದೆ ಮೋಡೆಮ್ (ಕಂಪ್ಯೂಟರಿನ ಮಾತನ್ನು ಫೋನ್ ಲೈನಿನ ಸದ್ದಾಗಿ ಬದಲಿಸೋ ಸಾಧನ) ಇದೆಯೋ ಇಲ್ಲವೋ ಅನ್ನೋದೇ ಪ್ರಶ್ನೆಯಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೋಡೆಮ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಸ್ವಂತ ತಲೆ ಇದೆ. ಕಂಪ್ಯೂಟರ್ ಎಟಿ ಕಮಾಂಡ್ (‘ಎಟಿ’ಯಿಂದ ಶುರುವಾಗೋ ಚಿಕ್ಕ ಆದೇಶ) ಕೊಟ್ಟರೆ ಸಾಕು, ಉಳಿದದ್ದನ್ನು ಒಳಗಿನ ಚಿಪ್ಪುಗಳೇ ನೋಡಿಕೊಳ್ಳುತ್ತವೆ. ಇನ್ನೊಂದು ಬಾಡಿಗೆ ತಲೆಯದ್ದು. ಫೋನ್ ಲೈನಿನ ಸದ್ದನ್ನು ಹಿಡಿದು ಕಂಪ್ಯೂಟರ್‌ಗೆ ದಾಟಿಸೋದಷ್ಟೇ ಅದರ ಕೆಲಸ. ಆ ಸದ್ದನ್ನು ಬಿಡಿಸೋ ಲೆಕ್ಕಾಚಾರವೆಲ್ಲ ಡ್ರೈವರ್ ಮೂಲಕ ನಮ್ಮ ಪ್ರೊಸೆಸರ್ ಮೇಲೆ. ಇಂಥದ್ದನ್ನೇ ವಿನ್‌ಮೋಡೆಮ್ ಅಂತಾರೆ. ಡ್ರೈವರ್ ಬರುತ್ತಿದ್ದದ್ದು ಹೆಚ್ಚಾಗಿ ವಿಂಡೋಸಿಗೆ ಮಾತ್ರ. ಅಗ್ಗ ಅಂತ ಆಗಿನ ಜೋಡಣೆ ಕಂಪ್ಯೂಟರ್‌ಗಳಲ್ಲಿ ಇದನ್ನೇ ಹಾಕಿಕೊಡುತ್ತಿದ್ದರು.

ಮೊದಲು ಆ ಡೆಸ್ಕ್‌ಟಾಪಿನ ಒಳಗಿದ್ದ ಪಿಸಿಐ ಕಾರ್ಡ್. ಎಲ್‌ಎಸ್‌ಪಿಸಿಐ ಅನ್ನೋ, ಒಳಗಿರೋ ಕಾರ್ಡುಗಳ ಪಟ್ಟಿ ತೋರಿಸೋ ಕಮಾಂಡ್ ಹೊಡೆದು ನೋಡಿದರೆ ಎಚ್‌ಎಸ್‌ಎಫ್ ಜಾತಿಯ ಚಿಪ್, ಬಾಡಿಗೆ ತಲೆ. ಲಿನಕ್ಸಿಗೆ ಡ್ರೈವರ್ ಇತ್ತು, ಆದರೆ ಪುಕ್ಕಟೆ ಸಿಗೋದರಲ್ಲಿ ವೇಗ ಸೆಕೆಂಡಿಗೆ 14.4 ಕಿಲೋಬಿಟ್‌ಗೆ ನಿಲ್ಲುತ್ತಿತ್ತು, ಫ್ಯಾಕ್ಸ್ ಬರುತ್ತಿರಲಿಲ್ಲ. ಫ್ಯಾಕ್ಸ್ ಬೇಕು ಅಂದರೆ ದುಡ್ಡು ಕೊಟ್ಟು ಲೈಸೆನ್ಸ್ ಕೀ ತಗೋಬೇಕಿತ್ತು. ಗೆಳೆಯನ ಕ್ರೆಡಿಟ್ ಕಾರ್ಡಿನಲ್ಲಿ ಅದನ್ನೂ ತಗೊಂಡೆ. ಲಿನಕ್ಸಿನ ತಿರುಳಾದ ಕರ್ನಲ್‌ನ ಹೆಡರ್ ಫೈಲುಗಳನ್ನು ಇಳಿಸಿ, ಡ್ರೈವರ್ ಕಂಪೈಲ್ ಮಾಡಿ, ಒಂದು ಇಡೀ ಭಾನುವಾರ ಹೋಯಿತು. ಸಂಜೆ ಪುಟ ಹೋಯಿತು, ಚೆನ್ನಾಗಿಯೇ ಹೋಯಿತು. ಹದಿನೈದು ದಿನ ಯಾರೂ ತಂಟೆ ಮಾಡಲಿಲ್ಲ. ಆಮೇಲೆ ಆಫೀಸಿನ ಹುಡುಗ ಪರದೆ ಮೇಲೆ ಬಂದ ಅಪ್‌ಡೇಟ್‌ಗೆ ‘ಸರಿ’ ಅಂತ ಒತ್ತಿದ. ಹೊಸ ಕರ್ನಲ್ ಬಂತು, ಮೋಡೆಮ್ ಮಾಯ. ಡ್ರೈವರನ್ನು ಮತ್ತೆ ಕಟ್ಟಬೇಕು. ನಾನಿರೋದು ಬೆಂಗಳೂರಿನಲ್ಲಿ. ಪ್ರತಿ ಅಪ್‌ಡೇಟಿಗೂ ರಾತ್ರಿ ಬಸ್ಸು ಹತ್ತೋಕಾಗುತ್ತಾ?

ಎರಡನೆಯದು ನನ್ನ ಲ್ಯಾಪ್‌ಟಾಪಿನ ಒಳಗಿದ್ದ ಮೋಡೆಮ್. ಇದು ಸೌಂಡ್ ಚಿಪ್ಪಿನ ಜೊತೆಗೇ ಕೂತಿರೋ ಬಗೆ. ಇದಕ್ಕೆ ಎಸ್‌ಎಲ್‌ಮೋಡೆಮ್‌ಡಿ ಅನ್ನೋ ಪ್ರೋಗ್ರಾಂ ಇದೆ. ಲಿನಕ್ಸಿನ ಸೌಂಡ್ ವ್ಯವಸ್ಥೆಯಾದ ಆಲ್ಸಾ ಮೂಲಕ ಸದ್ದನ್ನು ತಗೊಂಡು ಟಿಟಿವೈಎಸ್‌ಎಲ್0 ಅನ್ನೋ ಪೋರ್ಟನ್ನು ತಾನೇ ಹುಟ್ಟಿಸುತ್ತದೆ. ಕರ್ನಲ್ ಬದಲಾದರೂ ಇದು ಅಷ್ಟಾಗಿ ಅಲ್ಲಾಡೋದಿಲ್ಲ, ಮೊದಲಿನದಕ್ಕಿಂತ ಇದು ಮೇಲು. ಆದರೆ ಒಳಗಿನ ಮುಖ್ಯ ಭಾಗ 32 ಬಿಟ್‌ನದು, ಸೋರ್ಸ್ ಸಿಗೋದಿಲ್ಲ. ಹಾಗಾಗಿ 64 ಬಿಟ್ ಉಬುಂಟುನಲ್ಲಿ 32 ಬಿಟ್ ಲೈಬ್ರರಿಗಳನ್ನು ಬೇರೆ ಹಾಕಬೇಕು.

ಡೇಟಾ ಕಾಲ್ ಸರಾಗವಾಗಿ ಆಯಿತು, ಫ್ಯಾಕ್ಸ್ ಮಾತ್ರ ಆಗಲಿಲ್ಲ. ಯಾಕೆ ಅಂದರೆ ಫ್ಯಾಕ್ಸ್ ಮಾತುಕತೆ ಗಡಿಯಾರ ಹಿಡಿದು ನಡೆಯೋದು. ಈ ಕಡೆಯ ಮಷೀನು “ಇಂಥ ವೇಗದಲ್ಲಿ ಕಳಿಸ್ತೀನಿ” ಅಂತ ಹೇಳಿ, ಸುಮಾರು 75 ಮಿಲಿಸೆಕೆಂಡ್ ಸುಮ್ಮನಿದ್ದು, ಒಂದೂವರೆ ಸೆಕೆಂಡ್ ಬರೀ ಸೊನ್ನೆಗಳನ್ನು ಕಳಿಸಿ ಲೈನ್ ಪರೀಕ್ಷೆ ಮಾಡಬೇಕು. 75ರಲ್ಲಿ 20 ಆಚೀಚೆ ಆದರೆ ನಡೆಯುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ಫ್ಯಾಕ್ಸ್ ಕೆಲಸವನ್ನು ಕಂಪ್ಯೂಟರ್ ಮತ್ತು ಮೋಡೆಮ್ ಹಂಚಿಕೊಳ್ಳೋ ರೀತಿಗೆ ‘ಕ್ಲಾಸ್’ ಅಂತಾರೆ. ಕ್ಲಾಸ್ 1 ಫ್ಯಾಕ್ಸ್‌ನಲ್ಲಿ ಈ ಲೆಕ್ಕವನ್ನೆಲ್ಲ ಇಟ್ಟುಕೊಳ್ಳಬೇಕಾದ್ದು ಕಂಪ್ಯೂಟರ್. ಅದರ ಜೊತೆಗೆ ಮೋಡೆಮ್‌ನ ತಲೆಯೂ ಕಂಪ್ಯೂಟರೇ! ನಾನು ಪಕ್ಕದಲ್ಲಿ ಬ್ರೌಸರ್ ತೆರೆದರೆ ಸಾಕು, ಎರಡನೇ ಪುಟದ ಮಧ್ಯೆ ಲೈನ್ ಕಟ್. ಕೈಕಟ್ಟಿ ಕೂತರೆ ಮೂರು ಪುಟವೂ ಹೋಗುತ್ತಿತ್ತು. ಮಾಮ ಬಾಗಿಲಿಂದ ಇಣುಕಿ “ಹೋತೇನಪ್ಪ?” ಅನ್ನೋನು. “ಮೌಸ್ ಮುಟ್ಟಬ್ಯಾಡ ಮಾಮ” ಅನ್ನೋದೇ ನನ್ನ ಉತ್ತರ.

ಮೂರನೆಯದು ಸಿಕ್ಕಿದ್ದು ಗುಜರಿ ಅಂಗಡಿಯಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಬಿಳಿ ಡಬ್ಬಿ. ಹಿಂದೆ ಸೀರಿಯಲ್ ಕೇಬಲ್ಲಿನ ಜಾಗ, ಮುಂದೆ ಸಾಲಾಗಿ ಕೆಂಪು ದೀಪಗಳು. 150 ರೂಪಾಯಿ. ಅಂಗಡಿಯವನಿಗೆ ಅದು ಏನು ಅಂತಲೇ ಗೊತ್ತಿರಲಿಲ್ಲ. ಡೆಸ್ಕ್‌ಟಾಪಿನ ಕಾಮ್ ಪೋರ್ಟಿಗೆ ಸಿಕ್ಕಿಸಿ ಮೋಡೆಮ್ ಜೊತೆ ನೇರ ಮಾತಾಡೋ ಮಿನಿಕಾಮ್ ಪ್ರೋಗ್ರಾಂ ತೆರೆದು ಎಟಿ ಅಂತ ಹೊಡೆದೆ. ‘ಓಕೆ’ ಅಂತು. ಡ್ರೈವರ್ ಅನ್ನೋ ಮಾತೇ ಇಲ್ಲ, ಟಿಟಿವೈಎಸ್0 ಅಂತ ಮೊದಲಿಂದಲೇ ಇರೋ ಪೋರ್ಟ್ ಅದು. ಎಟಿ+ಎಫ್‌ಕ್ಲಾಸ್=? ಅಂತ, ಅಂದರೆ ಯಾವ ಯಾವ ಕ್ಲಾಸ್ ಬರುತ್ತೆ ಅಂತ ಕೇಳಿದ್ದಕ್ಕೆ 0, 1, 2 ಅಂತ ಉತ್ತರ ಬಂತು. ಆ 2 ನೋಡಿ ನನಗೆ ಖುಷಿಯಾಯಿತು. ಕ್ಲಾಸ್ 2 ಅಂದರೆ 75 ಮಿಲಿಸೆಕೆಂಡಿನ ಲೆಕ್ಕವೂ ಡಬ್ಬಿಯದೇ ಜವಾಬ್ದಾರಿ. ನಾವು ಪುಟ ಕೊಟ್ಟರೆ ಮುಗಿಯಿತು.

ಆದರೂ ಮೊದಲ ಸಲ ‘ನೋ ಡಯಲ್‌ಟೋನ್’ ಅಂತು. ಫೋನ್ ಎತ್ತಿ ಕೇಳಿದರೆ ಟೋನ್ ಬರುತ್ತಿದೆ. ನಮ್ಮ ದೇಶದ ಡಯಲ್‌ಟೋನ್ ಸಣ್ಣಗೆ ನಡುಗುತ್ತಾ ಬರುತ್ತದೆ. ಬೇರೆ ದೇಶಕ್ಕೆ ಅಂತ ಮಾಡಿದ ಕೆಲವು ಮೋಡೆಮ್‌ಗಳಿಗೆ ಅದು ಟೋನ್ ಅಂತಲೇ ಅನಿಸೋದಿಲ್ಲ. ಎಟಿಎಕ್ಸ್3 ಕೊಟ್ಟರೆ ಟೋನಿಗೆ ಕಾಯದೆ ನೇರ ಡಯಲ್ ಮಾಡುತ್ತದೆ. ಮಾಮನ ಆಫೀಸಿನಲ್ಲಿ ಹೊರಗಿನ ಲೈನಿಗೆ ಮೊದಲು ಸೊನ್ನೆ ಒತ್ತಬೇಕಿತ್ತು. ಸೊನ್ನೆ ಆದಮೇಲೆ ಒಂದು ಕಾಮಾ ಹಾಕಿದರೆ ಎರಡು ಸೆಕೆಂಡ್ ನಿಂತು ಮುಂದಿನ ನಂಬರ್ ಒತ್ತುತ್ತದೆ. ಈ ಎರಡು ಬದಲಾವಣೆ ಬಿಟ್ಟರೆ ಆ ಡಬ್ಬಿ ಮತ್ತೇನೂ ಕೇಳಲಿಲ್ಲ. ಪಟ್ಟಿಯ ಒಂದು ಪುಟ ಮುಕ್ಕಾಲು ನಿಮಿಷದಲ್ಲಿ ಹೋಗುತ್ತಿತ್ತು.

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಂಗೆಟ್ಟಿ ಅನ್ನೋ ಮೋಡೆಮ್ ಪ್ರೋಗ್ರಾಂ ಜೊತೆ ಬರೋ ಸೆಂಡ್‌ಫ್ಯಾಕ್ಸ್ ಮುಖ್ಯವಾಗಿ ಕ್ಲಾಸ್ 2 ನಂಬಿರೋದು, ಬಾಡಿಗೆ ತಲೆಯ ಮೋಡೆಮ್‌ಗಳಿಗೆ ಆಗಿಬರಲಿಲ್ಲ. ಹೈಲಾಫ್ಯಾಕ್ಸ್ ದೊಡ್ಡ ಆಫೀಸಿನ ಸರಕು. ಎಂಗೇಜ್ ಬಂದರೆ ತಾನೇ ಮತ್ತೆ ಪ್ರಯತ್ನ ಮಾಡುತ್ತದೆ, ಸರದಿ ಇಡುತ್ತದೆ, ಹೋಯಿತೋ ಇಲ್ಲವೋ ಅಂತ ಮೇಲ್ ಕಳಿಸುತ್ತದೆ. ಆದರೆ ಕೂರಿಸೋವಾಗ ಅದು ಕೇಳೋ ಪ್ರಶ್ನೆಗಳಿಗೆ ಹೆಣ್ಣು ನೋಡೋಕೆ ಬಂದವರೂ ನಾಚಬೇಕು. ಕೊನೆಗೆ ಉಳಿದದ್ದು ಈಫ್ಯಾಕ್ಸ್-ಜಿಟಿಕೆ. ಫೈಲ್ ಆರಿಸು, ನಂಬರ್ ಹಾಕು, ಕಳಿಸು. ಆಫೀಸಿನ ಹುಡುಗ ಹತ್ತು ನಿಮಿಷದಲ್ಲಿ ಕಲಿತ.

ಅವನಿಗೆ ಬೇರೆಯಾಗಿ ಹೇಳಿಕೊಟ್ಟದ್ದು ಒಂದೇ. ಸೀಲು ಹಾಕಿದ ಕಾಗದ ಸ್ಕ್ಯಾನ್ ಮಾಡೋವಾಗ ಕಪ್ಪು-ಬಿಳುಪಿನಲ್ಲೇ ಮಾಡಬೇಕು. ಬೂದು ಬಣ್ಣದಲ್ಲಿ ಮಾಡಿದರೆ ಕಾಗದದ ಮೇಲಿನ ಧೂಳಿನ ಛಾಯೆಯೂ ಚುಕ್ಕಿ ಚುಕ್ಕಿಯಾಗಿ ಹೋಗುತ್ತದೆ. ಫ್ಯಾಕ್ಸ್‌ನ ಸಂಕೋಚನಕ್ಕೆ ಉದ್ದನೆಯ ಬಿಳಿ ಜಾಗ ಇಷ್ಟ, ಚುಕ್ಕಿ ಕಂಡರೆ ಆಗೋದಿಲ್ಲ. ಮುಕ್ಕಾಲು ನಿಮಿಷದ ಪುಟ ನಾಲ್ಕು ನಿಮಿಷ ತಿಂದದ್ದನ್ನು ನಾನೇ ನೋಡಿದ್ದೇನೆ, ಅದೂ ಎಸ್‌ಟಿಡಿ ಕಾಲು.

ಎಲ್ಲ ಸರಿಹೋಯಿತು ಅನ್ನೋ ಹೊತ್ತಿಗೆ, ಆ ಜುಲೈನಲ್ಲಿ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ದಿನಕ್ಕೆ ಆರೇಳು ಪುಟ ಹೋಗುತ್ತಿದ್ದದ್ದು ವಾರಕ್ಕೊಂದಾಯಿತು. ಆದರೂ ಡಬ್ಬಿ ಮೇಜಿನ ಮೇಲೇ ಇತ್ತು, ಇನ್ಶೂರೆನ್ಸ್ ಕಾಗದಗಳಿಗೆ ಬೇಕಾಗುತ್ತಿತ್ತು.

ಆಮೇಲೆ ಬಂದ ಹೊಸ ಕಂಪ್ಯೂಟರಿನಲ್ಲಿ ಸೀರಿಯಲ್ ಪೋರ್ಟೇ ಇರಲಿಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸೋ ವೈರ್ ಹಾಕಿದೆ. ಕ್ಲಾಸ್ 1ರಲ್ಲಿ ಆಗಾಗ ಮುಗ್ಗರಿಸಿತು, ವೈರಿನಲ್ಲೇ ಒಂದಷ್ಟು ಮಿಲಿಸೆಕೆಂಡ್ ಸೋರಿಹೋಗುತ್ತದೆ ನೋಡಿ. ಕ್ಲಾಸ್ 2ರಲ್ಲಿ ತೊಂದರೆ ಇಲ್ಲ. ಗೆಳೆಯನ ಹತ್ತಿರ ಸ್ವಂತ ತಲೆಯ ಯುಎಸ್‌ಬಿ ಮೋಡೆಮ್ ಇತ್ತು. ಅದು ಟಿಟಿವೈಎಸಿಎಂ0 ಅಂತ ತಾನಾಗಿಯೇ ಬಂತು, ಒಂದು ಕಮಾಂಡೂ ಬೇಕಾಗಲಿಲ್ಲ. ಹೊಸದಾಗಿ ಕೊಳ್ಳೋದಾದರೆ ನಾನು ಅದನ್ನೇ ಕೊಳ್ಳುತ್ತೇನೆ. ಎರಡರಲ್ಲೂ ಮೋಡೆಮ್‌ಮ್ಯಾನೇಜರ್ ಅನ್ನೋ ಸೇವೆಯನ್ನು ನಿಲ್ಲಿಸಿಕೊಳ್ಳಿ. ಡೇಟಾ ಕಾರ್ಡ್ ಇರಬಹುದು ಅಂತ ಅದು ನಡುವೆ ಬಂದು ಪೋರ್ಟಿಗೆ ಎಟಿ ಕಮಾಂಡ್ ಹೊಡೆಯುತ್ತಾ ಕೂರುತ್ತದೆ.

ಈಗ ಮಾಮನ ಮನೆಗೆ ಫೈಬರ್ ಬಂದಿದೆ, ಫೋನ್ ವೈರ್ ಚುಚ್ಚೋದು ಆ ಪೆಟ್ಟಿಗೆಗೆ. ಸುಮ್ನೆ ಕುತೂಹಲಕ್ಕೆ ಹಳೇ ಡಬ್ಬಿ ಹಾಕಿ ನೋಡಿದೆ. 14400ರಲ್ಲಿ ಒಂದು ಪುಟವೂ ದಾಟಲಿಲ್ಲ. ವೇಗ 9600ಕ್ಕೆ ಇಳಿಸಿದ ಮೇಲೆ ಐದಕ್ಕೆ ನಾಲ್ಕು ಹೋದವು.

ಗುಜರಿಯಲ್ಲಿ ಇಂಥ ಡಬ್ಬಿ ಸಿಕ್ಕರೆ ಅಡಾಪ್ಟರ್ ಸಮೇತ ಕೇಳಿ ತಗೊಳ್ಳಿ. ನನ್ನದಕ್ಕೆ ಬೇಕಾದ್ದು 9 ವೋಲ್ಟ್ ಎಸಿ. ಮೊದಲ ದಿನ ರೇಡಿಯೋದ 9 ವೋಲ್ಟ್ ಡಿಸಿ ಅಡಾಪ್ಟರ್ ಚುಚ್ಚಿ, ದೀಪ ಹತ್ತಲಿಲ್ಲ ಅಂತ 150 ರೂಪಾಯಿ ವಾಪಸ್ ಕೇಳೋಕೆ ಹೊರಟಿದ್ದೆ.