ಮೊದಲ ಟ್ರಫಲ್ ಯಾವುದಿರಬೇಕು? ಬೆಣ್ಣೆ-ಮೊಟ್ಟೆಯ ಮೇಲೆ ಐದು ಬಗೆಗಳ ಹೋಲಿಕೆ

ಟ್ರಫಲ್ ಎಂದರೆ ಮಣ್ಣಿನಡಿ ಗಡ್ಡೆಯಂತೆ ಬೆಳೆಯುವ, ಘಮಕ್ಕೆ ಹೆಸರಾದ ಶಿಲೀಂಧ್ರ. ಅದನ್ನು ಮೊದಲ ಸಲ ತಿಂದ ಬಹಳಷ್ಟು ಮಂದಿ ‘ಇಷ್ಟೇನಾ?’ ಎಂದು ಕೇಳುತ್ತಾರೆ. ವಿಚಾರಿಸಿದರೆ ಕಾರಣ ಸಿಕ್ಕೇ ಸಿಗುತ್ತದೆ. ಒಂದೋ ಬಲಿಯದ ಗಡ್ಡೆ ಕೊಂಡಿರುತ್ತಾರೆ, ಇಲ್ಲವೇ ತಣ್ಣಗಿನ ತಿನಿಸಿನ ಮೇಲೆ ಹೆರೆದಿರುತ್ತಾರೆ, ಅದೂ ಅಲ್ಲದಿದ್ದರೆ ಮೊದಲೇ ಟ್ರಫಲ್ ಎಣ್ಣೆಯ ರುಚಿ ಹತ್ತಿಸಿಕೊಂಡು ಅದೇ ವಾಸನೆಯನ್ನು ಅಸಲಿ ಗಡ್ಡೆಯಲ್ಲಿ ಹುಡುಕಿರುತ್ತಾರೆ. ಟ್ರಫಲ್‌ನಲ್ಲಿ ನಾಲಿಗೆಗೆ ಸಿಗುವುದು ಕಡಿಮೆ; ಬಾಯೊಳಗಿಂದ ಮೂಗಿಗೆ ಏರುವ ಘಮವೇ ಅದರ ರುಚಿ. ಆದ್ದರಿಂದ ಇಲ್ಲಿನ ಹೋಲಿಕೆಯೆಲ್ಲ ಘಮದ್ದೇ.

ಎಲ್ಲಕ್ಕೂ ಒಂದೇ ತಳ: ಒಬ್ಬರಿಗೆ 2 ಮೊಟ್ಟೆ, 10 ಗ್ರಾಂ ಉಪ್ಪಿಲ್ಲದ ಬೆಣ್ಣೆ, ಒಂದು ಚಿಟಿಕೆ ಉಪ್ಪು, ಬೇರೇನೂ ಇಲ್ಲ. ಸಣ್ಣ ಉರಿಯಲ್ಲಿ ಬಿಡದೆ ಕೈಯಾಡಿಸುತ್ತ ಕೆನೆಯಂತೆ ಮೆತ್ತಗೆ ಬೇಯಿಸಿದ ಮೊಟ್ಟೆ. ಟ್ರಫಲ್‌ನ ಘಮದ ಅಂಶಗಳು ನೀರಿಗಿಂತ ಕೊಬ್ಬಿನಲ್ಲಿ ಚೆನ್ನಾಗಿ ಕರಗುತ್ತವೆ; ಹಳದಿ ಭಾಗವೂ ಬೆಣ್ಣೆಯೂ ಅವನ್ನು ಹಿಡಿದಿಟ್ಟುಕೊಂಡು ಬಾಯಿಯ ಬಿಸಿಗೆ ಬಿಟ್ಟುಕೊಡುತ್ತವೆ. ಜತೆಗೆ ಟ್ರಫಲ್ ಹಾಕದ ಒಂದು ತಟ್ಟೆ ಇರಲೇಬೇಕು. ಅದಿಲ್ಲದಿದ್ದರೆ ಮೊದಲ ಸಲದವರಿಗೆ ಯಾವುದು ಬೆಣ್ಣೆಯ ಘಮ, ಯಾವುದು ಟ್ರಫಲ್‌ನದ್ದು ಎಂದು ಬೇರ್ಪಡಿಸಲು ಆಗುವುದಿಲ್ಲ.

ಐದರಲ್ಲಿ ಎರಡು ಜಾಡಿಯ ಟ್ರಫಲ್ ಮತ್ತು ಟ್ರಫಲ್ ಎಣ್ಣೆ; ಉಳಿದ ಮೂರೂ ತಾಜಾ ಬಗೆಗಳು ಒಂದೇ ದಿನ ಒಳ್ಳೆಯ ಸ್ಥಿತಿಯಲ್ಲಿ ಸಿಗುವುದಿಲ್ಲ. ಬಿಳಿಯದರ ಕಾಲ ಅಕ್ಟೋಬರ್‌ನಿಂದ ಡಿಸೆಂಬರ್, ಯುರೋಪಿನ ಚಳಿಗಾಲದ ಕಪ್ಪಿನದು ಡಿಸೆಂಬರ್‌ನಿಂದ ಮಾರ್ಚ್, ಬೇಸಿಗೆಯದರದು ಮೇ ತಿಂಗಳಿಂದ ಆಗಸ್ಟ್. ಹಾಗಾಗಿ ಎರಡು ಸುತ್ತು ಬೇಕು: ಡಿಸೆಂಬರ್‌ನಲ್ಲಿ ಬಿಳಿ ಮತ್ತು ಕಪ್ಪು, ಜುಲೈನಲ್ಲಿ ಬೇಸಿಗೆಯದು ಮತ್ತು ಆಸ್ಟ್ರೇಲಿಯಾದಲ್ಲಿ ಬೆಳೆಸಿದ ಅದೇ ಚಳಿಗಾಲದ ಕಪ್ಪು. ಅಲ್ಲಿ ಜೂನ್-ಆಗಸ್ಟ್ ಚಳಿಗಾಲವಾದ್ದರಿಂದ ಈ ಅನುಕೂಲ. ಎರಡೂ ಸುತ್ತಿನಲ್ಲಿ ಕಪ್ಪು ಇರುವುದರಿಂದ ಅದೇ ಅಳತೆಗೋಲಾಗುತ್ತದೆ.

ಚಳಿಗಾಲದ ಕಪ್ಪು, ಟ್ಯೂಬರ್ ಮೆಲನೋಸ್ಪೋರಮ್

ಪೆರಿಗಾರ್ಡ್ ಟ್ರಫಲ್ ಎಂದು ಹೆಸರಾದದ್ದು ಇದೇ. ಓಕ್, ಹೇಜಲ್ ಮರಗಳ ಬೇರಿನ ಜತೆ ಕೊಡುಕೊಳ್ಳುವಿಕೆ ನಡೆಸುತ್ತ ಮಣ್ಣಿನಡಿ ಬೆಳೆಯುವ ಶಿಲೀಂಧ್ರ. ನೆಲದ ಮೇಲಿನ ಅಣಬೆಯಂತೆ ಬೀಜಕಣಗಳನ್ನು ಗಾಳಿಗೆ ತೂರಲು ಇದಕ್ಕೆ ಆಗದು. ಪ್ರಾಣಿಗಳು ಮೂಸಿ, ಅಗೆದು, ತಿಂದು ಹರಡಬೇಕು. ಆದ್ದರಿಂದ ಬೀಜಕಣ ಬಲಿತ ಮೇಲೆಯೇ ಘಮ ಹೊಮ್ಮುತ್ತದೆ. ಕೊಳ್ಳುವವರು ನೆನಪಿಡಬೇಕಾದ ಮುಖ್ಯ ಮಾತು ಇದು: ಕಾಲಕ್ಕೆ ಮುಂಚೆ ಅಗೆದ ಗಡ್ಡೆ ಎಷ್ಟೇ ದೊಡ್ಡದಿರಲಿ, ಎಷ್ಟೇ ದುಂಡಗಿರಲಿ, ಮನೆಗೆ ತಂದಿಟ್ಟರೆ ಮಾಗುವುದಿಲ್ಲ.

ಪಕ್ವತೆ ತಿಳಿಯಲು ಫ್ರಾನ್ಸಿನ ಸಂತೆಗಳಲ್ಲಿ ಗಡ್ಡೆಯ ಒಂದು ಮೂಲೆಯನ್ನು ಚಾಕುವಿನ ತುದಿಯಿಂದ ಉಗುರಿನಷ್ಟು ಕೆತ್ತಿ ತೋರಿಸುತ್ತಾರೆ. ಆ ಗಾಯದೊಳಗೆ ನೇರಳೆ ಮಿಶ್ರಿತ ಕಪ್ಪು ತಿರುಳು, ಅದರಲ್ಲಿ ಕೂದಲೆಳೆಯಂಥ ಬಿಳಿ ನರಗಳು ಸ್ಪಷ್ಟವಾಗಿ ಕಾಣಬೇಕು. ಬೂದು ಅಥವಾ ಬೆಳ್ಳಗಿದ್ದರೆ ಎಳಸು. ನರಗಳು ಮಸುಕಾಗಿ ತಿರುಳೆಲ್ಲ ಒಂದೇ ಬಣ್ಣವಾಗಿದ್ದರೆ ಹಳತು. ಒತ್ತಿದರೆ ಗಟ್ಟಿಯಾಗಿದ್ದು ಸ್ವಲ್ಪವೇ ಒಳಬಗ್ಗಬೇಕು. ಮೆತ್ತಗೆ ಹೂತರೆ ಬೇಡ. ಮಣ್ಣು ಮೆತ್ತಿದ ಗಡ್ಡೆಯಲ್ಲಿ ಮಣ್ಣಿನ ತೂಕಕ್ಕೂ ಹಣ ಕೊಡುತ್ತೀರಿ, ಹುಳು ಕೊರೆದ ತೂತೂ ಅಡಗಿರುತ್ತದೆ. ಜನವರಿ ನಡುವಿನಿಂದ ಫೆಬ್ರುವರಿ ಕೊನೆಯವರೆಗೆ ಸಿಗುವುದು ಡಿಸೆಂಬರ್‌ನದಕ್ಕಿಂತ ಖಂಡಿತ ಉತ್ತಮ.

ತಟ್ಟೆಯಲ್ಲಿ ಹಸಿಮಣ್ಣು, ಕೋಕೋ, ಮಾಗಿದ ಆಲಿವ್, ಕೊನೆಗೆ ಮಾಂಸದ ಸಾರಿನಂಥ ಆಳ. ಒಬ್ಬರಿಗೆ 8ರಿಂದ 10 ಗ್ರಾಂ ಬೇಕು. 3 ಗ್ರಾಂ ಹಾಕಿ ತೀರ್ಪು ಕೊಡುವುದು ಅದಕ್ಕೆ ಮಾಡುವ ಅನ್ಯಾಯ. ಎರಡು ದಿನ ಮುಂಚೆ 20-25 ಗ್ರಾಂನ ಗಡ್ಡೆಯನ್ನು 6 ಮೊಟ್ಟೆಗಳ ಜತೆ ಗಾಜಿನ ಜಾಡಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಡಿ. ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಘಮ ಹಳದಿ ಭಾಗಕ್ಕೆ ಇಳಿಯುತ್ತದೆ, ಗಡ್ಡೆಯ ತೂಕ ಅದಕ್ಕಾಗಿ ಖರ್ಚಾಗುವುದಿಲ್ಲ. ಬಡಿಸುವ ದಿನ ಮೊಟ್ಟೆ ಮುಕ್ಕಾಲು ಬೆಂದಾಗ ಬಾಣಲೆ ಇಳಿಸಿ, ಟ್ರಫಲ್‌ನ ಅರ್ಧ ಭಾಗವನ್ನು ಸಣ್ಣ ತುರಿಮಣೆಯಲ್ಲಿ ತುರಿದು ಬೆರೆಸಿ, ಒಂದು ನಿಮಿಷ ಮುಚ್ಚಿಡಿ. ಉಳಿದ ಅರ್ಧವನ್ನು 1 ಮಿ.ಮೀ. ದಪ್ಪದ ಬಿಲ್ಲೆಗಳಾಗಿ ಮೇಲೆ ಹೆರೆಯಿರಿ. ತಟ್ಟೆ ಮೊದಲೇ ಬಿಸಿಯಾಗಿರಲಿ.

ಉರಿಯ ಮೇಲೆ ಯಾಕೆ ಹಾಕಬಾರದು? ಇದರ ಘಮದ ಮುಖ್ಯ ಅಂಶಗಳಲ್ಲಿ ಒಂದು ಡೈಮಿಥೈಲ್ ಸಲ್ಫೈಡ್. ಹಂದಿ, ನಾಯಿಗಳು ಮಣ್ಣಿನಡಿಯ ಟ್ರಫಲ್ ಪತ್ತೆ ಹಚ್ಚುವುದು ಇದರಿಂದಲೇ ಎಂದು 1990ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಅದು ಕುದಿಯುವುದು ಸುಮಾರು 37 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಮೈ ಬಿಸಿಯಲ್ಲಿ! ಸುಡುವ ಬಾಣಲೆಗೆ ಹಾಕಿದರೆ ಅಡುಗೆಮನೆಯೆಲ್ಲ ಘಮಘಮ, ತಟ್ಟೆ ಖಾಲಿ. ತಣ್ಣಗಿನ ತಟ್ಟೆಯಲ್ಲಿ ಅದು ಏಳುವುದೇ ಇಲ್ಲ.

ಬಿಳಿ, ಟ್ಯೂಬರ್ ಮ್ಯಾಗ್ನಾಟಮ್

ಇಟಲಿಯ ಆಲ್ಬಾ ಊರಿನ ಹೆಸರಲ್ಲಿ ಪ್ರಸಿದ್ಧ. ತೋಟದಲ್ಲಿ ಬೆಳೆಸುವುದು ಬಹಳ ಕಷ್ಟವಾದ್ದರಿಂದ ಹೆಚ್ಚಿನದು ಕಾಡಿನದೇ. ಬೆಲೆ ಕಪ್ಪಿನ ಹಲವು ಪಟ್ಟು. ಚರ್ಮ ನಯ, ಬಣ್ಣ ಮಾಸಲು ಹಳದಿ. ಘಮ ಬೆಳ್ಳುಳ್ಳಿ, ಜೇನು, ಒಣಹುಲ್ಲು, ಮಾಗಿದ ಚೀಸ್ ಎಲ್ಲ ಒಟ್ಟಿಗೆ. ತಟ್ಟೆ ಮೇಜಿಗೆ ಬರುವ ಮುಂಚೆಯೇ ಗೊತ್ತಾಗುತ್ತದೆ. ಪಕ್ಕಪಕ್ಕದಲ್ಲಿಟ್ಟರೆ ಮೊದಲ ತುತ್ತಿನಲ್ಲಿ ಗೆಲ್ಲುವುದು ಇದೇ. ಐದನೆಯ ತುತ್ತಿನ ಹೊತ್ತಿಗೆ ಮೂಗು ಒಗ್ಗಿಹೋಗಿ ಅಬ್ಬರ ಇಳಿಯುತ್ತದೆ. ಕಪ್ಪು ಮಾತ್ರ ಮೊಟ್ಟೆಯೊಳಗೆ ಬೆರೆತು ಕೊನೆಯವರೆಗೆ ನಿಲ್ಲುತ್ತದೆ.

ಬೇಯಿಸುವ ಮಾತೇ ಇಲ್ಲ. 5-6 ಗ್ರಾಂ ಸಾಕು, ಹಿಂದಿನ ಬೆರಳು ಕಾಣುವಷ್ಟು ತೆಳ್ಳಗೆ, ಬಿಸಿ ಮೊಟ್ಟೆಯ ಮೇಲೆ ತಿನ್ನುವವರ ಎದುರಿಗೇ ಹೆರೆಯಬೇಕು. ದೊಡ್ಡ ತೊಡಕು ಆಯುಸ್ಸು: ಕಪ್ಪು ಒಂದು ವಾರ ಚೆನ್ನಾಗಿದ್ದರೆ ಬಿಳಿ 3-4 ದಿನದಲ್ಲೇ ಇಳಿಮುಖ. ಅಮೋನಿಯಾದ ಮೂತ್ರದಂಥ ನಾತ ಬಂದರೆ ಮುಗಿಯಿತು. ಬರುವ ದಾರಿಯಲ್ಲೇ ಎರಡು ದಿನ ಕಳೆದ ಬಿಳಿ ಟ್ರಫಲ್‌ಗೆ ಅಷ್ಟು ಹಣ ಸುರಿಯುವುದು ಮೊದಲ ಸಲದವರಿಗೆ ಬೇಡ.

ಬೇಸಿಗೆಯದು, ಟ್ಯೂಬರ್ ಈಸ್ಟಿವಮ್

ಹೊರಗೆ ಕಪ್ಪು, ಪಿರಮಿಡ್ಡಿನಂಥ ದೊಡ್ಡ ದೊಡ್ಡ ಗುಬುಟು. ಒಳಗೆ ತಿಳಿ ಕಂದು. ಅಗ್ಗ, ಅದಕ್ಕೇ ಹೆಚ್ಚಿನವರ ಮೊದಲ ಟ್ರಫಲ್ ಇದಾಗಿರುತ್ತದೆ. ಘಮ ಹೇಜಲ್‌ನಟ್ ಬೀಜ ಮತ್ತು ಅಣಬೆಯ ನಡುವೆ ಎಲ್ಲೋ ಇದೆ. 15 ಗ್ರಾಂ ಹಾಕಿದರೂ ಮೆಲ್ಲನೆಯ ಮಾತು. ಜುಲೈ ಸುತ್ತಿನಲ್ಲಿ ಕಪ್ಪಿನ ಪಕ್ಕದಲ್ಲಿಟ್ಟಾಗ, ಟ್ರಫಲ್ ಹಾಕದ ತಟ್ಟೆಗೂ ಇದಕ್ಕೂ ವ್ಯತ್ಯಾಸ ಹಿಡಿಯಲು ಎರಡನೆಯ ತುತ್ತು ಬೇಕಾಗುತ್ತದೆ. ಬಿಲ್ಲೆಯ ಕುರುಕಲು ಮಾತ್ರ ಹಿತ. ಇದೇ ಜಾತಿಯದನ್ನು ಸೆಪ್ಟೆಂಬರ್ ನಂತರ ಅಗೆದರೆ ಬರ್ಗಂಡಿ ಟ್ರಫಲ್ ಎನ್ನುತ್ತಾರೆ. ತಿರುಳು ಇನ್ನಷ್ಟು ಕಂದು, ಘಮವೂ ಒಂದು ಮೆಟ್ಟಿಲು ಮೇಲೆ. ಕಡಿಮೆ ಹಣದಲ್ಲಿ ತಾಜಾ ಬೇಕೆಂದರೆ ಅದನ್ನೇ ಕಾಯುವುದು ಲೇಸು.

ಇಲ್ಲೇ ಒಂದು ಎಚ್ಚರಿಕೆ. ಟ್ಯೂಬರ್ ಇಂಡಿಕಮ್ ಎಂಬ ಏಷ್ಯಾದ ಬಗೆ ಹೊರನೋಟಕ್ಕೆ ಚಳಿಗಾಲದ ಕಪ್ಪಿನ ಅಣ್ಣತಮ್ಮನಂತಿದೆ. ಹಿಮಾಲಯದ ಮಾದರಿಯಿಂದ 1892ರಲ್ಲಿ ಈ ಹೆಸರು ಪಡೆದದ್ದು, ಈಗ ಮಾರುಕಟ್ಟೆಗೆ ಬರುವುದು ಬಹುಪಾಲು ಚೀನಾದಿಂದ. ಘಮ ತೀರಾ ಕಡಿಮೆ, ಅಗಿದರೆ ರಬ್ಬರಿನಂತೆ. ಅಸಲಿ ಕಪ್ಪಿನ ಡಬ್ಬಿಯಲ್ಲಿ ಇದನ್ನು ಬೆರೆಸಿಟ್ಟರೆ ಘಮವೂ ಹತ್ತಿಕೊಳ್ಳುತ್ತದೆ. ಆದ್ದರಿಂದ ಡಬ್ಬಿಯನ್ನಲ್ಲ, ಒಂದೊಂದು ಗಡ್ಡೆಯನ್ನೂ ಬೇರೆ ಬೇರೆಯಾಗಿ ಮೂಸಿ. ಬಿಲ್ಲಿನಲ್ಲಿ ಲ್ಯಾಟಿನ್ ಹೆಸರು ಬರೆಸಿಕೊಳ್ಳಿ. ಬರೀ ‘ಕಪ್ಪು ಟ್ರಫಲ್’ ಎಂದರೆ ಮೂರರಲ್ಲಿ ಯಾವುದೂ ಆಗಬಹುದು.

ಜಾಡಿಯದು ಮತ್ತು ಎಣ್ಣೆ

ಜಾಡಿಯಲ್ಲಿ ಕೆಡದಂತೆ ಕುದಿಸಿ ಮುಚ್ಚಿದ ಟ್ರಫಲ್‌ನಲ್ಲಿ ಕಪ್ಪು ಬಣ್ಣವೂ ಮಣ್ಣಿನ ನೆನಪೂ ಉಳಿದಿರುತ್ತವೆ, ಅಷ್ಟೆ. ಅದರೊಳಗಿನ ರಸವನ್ನು ಚೆಲ್ಲಬೇಡಿ, ಒಳ್ಳೆಯ ಭಾಗ ಅದೇ. ಟ್ರಫಲ್ ಪೇಸ್ಟ್ ಎಂಬುದರ ಚೀಟಿ ಓದಿ: ಮೊದಲ ಸ್ಥಾನದಲ್ಲಿ ಸಾಮಾನ್ಯ ಬಟನ್ ಅಣಬೆ, ಬೇಸಿಗೆಯ ಟ್ರಫಲ್ ನೂರಕ್ಕೆ ಐದೂ ಇರದೇ ಇರುವುದುಂಟು.

ಎಣ್ಣೆಯ ಘಮ ಬಹುಪಾಲು 2,4-ಡೈಥಯಾಪೆಂಟೇನ್ ಎಂಬ ಒಂದೇ ಅಂಶದ್ದು. ಅದು ಬಿಳಿ ಟ್ರಫಲ್‌ನಲ್ಲಿ ಸಹಜವಾಗಿಯೇ ಇದೆ, ಬಾಟಲಿಗೆ ಬರುವುದು ಸಾಮಾನ್ಯವಾಗಿ ಪ್ರಯೋಗಾಲಯದಿಂದ. ಚೀಟಿಯಲ್ಲಿ ‘ಅರೋಮಾ’ ಎಂದಿದ್ದರೆ ಅದೇ ಅರ್ಥ. ತಳದಲ್ಲಿ ತೇಲಾಡುವ ಕಪ್ಪು ಚೂರು ಅಲಂಕಾರ. ಹತ್ತಾರು ವಾದ್ಯಗಳ ಮೇಳದಿಂದ ಒಂದೇ ವಾದ್ಯವನ್ನು ಎತ್ತಿ ಜೋರಾಗಿ ನುಡಿಸಿದ ಹಾಗೆ. ಕಾಲು ಟೀ ಚಮಚಕ್ಕಿಂತ ಹೆಚ್ಚಾದರೆ ಪೆಟ್ರೋಲಿನ ನೆನಪಾಗುತ್ತದೆ. ಹೋಲಿಕೆಯಲ್ಲಿ ಇದನ್ನು ಎಲ್ಲಕ್ಕಿಂತ ಕೊನೆಗೆ ತೆರೆಯಿರಿ. ಮುಂಚೆ ತೆರೆದರೆ ಆ ಕೋಣೆಯಲ್ಲಿ ಅಂದು ಬೇರೆ ಟ್ರಫಲ್‌ನ ಘಮ ಸಿಗುವುದಿಲ್ಲ. ತಾಜಾ ಚೂರುಗಳನ್ನು ಮನೆಯಲ್ಲೇ ಎಣ್ಣೆಗೆ ಹಾಕಿ ಹೊರಗಿಡುವುದಂತೂ ಅಪಾಯ: ಮಾರಕ ವಿಷ ಹುಟ್ಟಿಸುವ, ಮಣ್ಣಿನ ಬೊಟುಲಿನಮ್ ಬ್ಯಾಕ್ಟೀರಿಯಾಕ್ಕೆ ಗಾಳಿಯಿಲ್ಲದ, ಹುಳಿಯಿಲ್ಲದ ಎಣ್ಣೆ ಹೇಳಿ ಮಾಡಿಸಿದ ಜಾಗ.

ಏನು ಕೊಳ್ಳುವುದು

ಒಂದೇ ಸಲದ ಹಣವಿದ್ದರೆ ಜನವರಿ ಕೊನೆಯ, ಇಲ್ಲವೇ ಆಸ್ಟ್ರೇಲಿಯಾದ ಜುಲೈ ತಿಂಗಳ ಮೆಲನೋಸ್ಪೋರಮ್ 25 ಗ್ರಾಂ, ಇಬ್ಬರಿಗೆ. ಬಿಳಿಯದು ಎರಡನೆಯ ವರ್ಷಕ್ಕಿರಲಿ, ಅದೂ ಅಗೆದ ದಿನ ಗೊತ್ತಿದ್ದರೆ. ತಂದ ಕೂಡಲೇ ತೊಳೆಯಬೇಡಿ. ಅಡುಗೆ ಕಾಗದದಲ್ಲಿ ಸುತ್ತಿ, ಗಾಜಿನ ಜಾಡಿಯಲ್ಲಿ ಮುಚ್ಚಿ ಫ್ರಿಜ್‌ನಲ್ಲಿಟ್ಟು, ದಿನಾ ಕಾಗದ ಬದಲಿಸಿ. ಒದ್ದೆ ಕಾಗದ ಹಾಗೇ ಉಳಿದರೆ ಬೂಸಲು ಖಚಿತ. ಅಕ್ಕಿಯೊಳಗೆ ಹೂತಿಡುವ ಸಲಹೆ ಬಹಳ ಕಡೆ ಕಾಣುತ್ತದೆ, ಕೇಳಬೇಡಿ: ಅಕ್ಕಿ ತೇವ ಹೀರಿ ಗಡ್ಡೆಯನ್ನು ಸುಕ್ಕಾಗಿಸುತ್ತದೆ. ಬಳಸುವ ಸ್ವಲ್ಪ ಮುಂಚೆ ತಣ್ಣೀರಿನಡಿ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒರೆಸಿ. ಗುಬುಟುಗಳ ಸಂದಿಯ ಒಂದು ಮರಳಿನ ಕಣ ಸಾಕು, ಇಡೀ ತಟ್ಟೆ ಕೆಡಲು.

ಉಳಿದ ತುಂಡನ್ನು ಎಂಟನೆಯ ದಿನಕ್ಕೆ ಕಾಯದೆ ತುರಿದು, 10 ಗ್ರಾಂಗೆ 100 ಗ್ರಾಂ ಮೆತ್ತನೆ ಬೆಣ್ಣೆಯ ಲೆಕ್ಕದಲ್ಲಿ ಚಿಟಿಕೆ ಉಪ್ಪಿನ ಜತೆ ಬೆರೆಸಿ, ಕಾಗದದಲ್ಲಿ ಸುರುಳಿ ಸುತ್ತಿ ಫ್ರೀಜರ್‌ಗೆ ಹಾಕಿ. ಬೇಯಿಸಿದ ಬಿಸಿ ಆಲೂಗಡ್ಡೆಯ ಮೇಲೆ ಒಂದು ಬಿಲ್ಲೆ ಇಟ್ಟರೆ ಕರಗುತ್ತ ಕರಗುತ್ತ ಮತ್ತೆ ಅದೇ ಘಮ ಏಳುತ್ತದೆ.